ಫೈಲ್ ಕಳಿಸಬೇಡಿ, ಲಿಂಕ್ ಕೊಡಿ: ಶಿಕ್ಷಕರು ಸೇರಿ ಪ್ರಶ್ನೆಕೋಶ ಮಾಡುವುದು ಹೇಗೆ?

ಕೊಡಗಿನ ಭಾಗಮಂಡಲ, ನಾಪೋಕ್ಲು, ಮೂರ್ನಾಡಿನ ಮೂವರು ವಿಜ್ಞಾನ ಶಿಕ್ಷಕರು ಹತ್ತನೇ ತರಗತಿಗೆ ಪ್ರಶ್ನೆಕೋಶ ಮಾಡಲು ಹೊರಟಿದ್ದಾರೆ ಎಂದುಕೊಳ್ಳಿ. ವರ್ಡ್ ಫೈಲನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಕೂಡಲೇ ಅದು ಮೂರು ಫೈಲಾಗುತ್ತದೆ. ಒಬ್ಬರು ತಿದ್ದಿದ್ದು ಇನ್ನೊಬ್ಬರ ಪ್ರತಿಯಲ್ಲಿ ಇರುವುದಿಲ್ಲ. ವಾರದೊಳಗೆ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಹುಟ್ಟಿಕೊಂಡು, ಮುದ್ರಣಕ್ಕೆ ಯಾವುದು ಹೋಗಬೇಕೆಂದೇ ತಿಳಿಯುವುದಿಲ್ಲ. ಇಂಟರ್ನೆಟ್ಟಿನಲ್ಲೇ ಫೈಲ್ ಇಟ್ಟು ಬರೆಯುವ ಗೂಗಲ್ ಡಾಕ್ಸ್‌ನಲ್ಲಿ ಫೈಲ್ ಒಂದೇ. ಎಲ್ಲರೂ ಅದರೊಳಗೇ ಬಂದು ಬರೆಯುತ್ತಾರೆ. ತಲಾ ಒಂದು ಜಿಮೇಲ್ ಖಾತೆ ಇದ್ದರೆ ಸಾಕು.

ಮೊದಲು ಅಕ್ಷರ ಸರಿಮಾಡಿ

ಶಾಲೆಯ ಕಂಪ್ಯೂಟರಿನಲ್ಲಿರುವ ಹಳೆಯ ಪ್ರಶ್ನೆಪತ್ರಿಕೆಗಳು ‘ನುಡಿ 01 ಇ’ಯಂಥ ಫಾಂಟಿನಲ್ಲಿದ್ದರೆ, ಡಾಕ್ಸ್‌ನಲ್ಲಿ ತೆರೆದಾಗ ಕನ್ನಡದ ಬದಲು ತಲೆಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. ಒಳಗೆ ಇದ್ದದ್ದೇ ಆ ಅಕ್ಷರಗಳು. ಫಾಂಟ್ ಅವಕ್ಕೆ ಕನ್ನಡದ ರೂಪ ತೊಡಿಸಿತ್ತು, ಅಷ್ಟೆ. ನುಡಿ ತಂತ್ರಾಂಶದ ಪರಿವರ್ತಕದಲ್ಲಿ ಆಸ್ಕಿಯಿಂದ (ಈ ಹಳೆಯ ಫಾಂಟುಗಳ ಪದ್ಧತಿ) ಯೂನಿಕೋಡ್‌ಗೆ (ಕನ್ನಡವನ್ನು ಕನ್ನಡವಾಗಿಯೇ ಇಡುವ ಪದ್ಧತಿ) ಬದಲಿಸಿ, ಆಮೇಲೆ ಡಾಕ್ಸ್‌ಗೆ ಅಂಟಿಸಿ. ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಒಮ್ಮೆ ಓದಿ ನೋಡಲೇಬೇಕು. ರಾಸಾಯನಿಕ ಸೂತ್ರಗಳನ್ನು ಮಾತ್ರ ಪರಿವರ್ತಕಕ್ಕೆ ಕೊಡಬೇಡಿ. ಅದು ಇಂಗ್ಲಿಷ್ ಅಕ್ಷರವನ್ನೂ ಕನ್ನಡವೆಂದೇ ಓದಿ ಕಲಸಿಬಿಡುತ್ತದೆ. ಅವನ್ನು ಕೈಯಲ್ಲೇ ಟೈಪ್ ಮಾಡಿ. ಹೊಸದಾಗಿ ಬರೆಯುವುದಕ್ಕೆ ಕಂಪ್ಯೂಟರಿನಲ್ಲಿ ನುಡಿಯ ಯೂನಿಕೋಡ್ ಆಯ್ಕೆ, ಫೋನಿನಲ್ಲಿ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್ ಸಾಕು.

ವರ್ಡ್ ಫೈಲನ್ನು ಗೂಗಲ್ ಡ್ರೈವ್‌ಗೆ ಏರಿಸಿದ್ದರೆ, ತೆರೆದು, ‘ಫೈಲ್’ ಮೆನುವಿನಲ್ಲಿ ‘ಸೇವ್ ಆ್ಯಸ್ ಗೂಗಲ್ ಡಾಕ್ಸ್’ ಒತ್ತಿ. ಆಗ ಬೇರೆಯದೇ ಒಂದು ಪ್ರತಿ ಹುಟ್ಟುತ್ತದೆ. ಹಂಚಬೇಕಾದ್ದು ಈ ಹೊಸ ಪ್ರತಿಯ ಲಿಂಕ್. ಹಳೆಯದರ ಲಿಂಕ್ ಸಹೋದ್ಯೋಗಿಗಳಿಗೆ ಹೋಗಿಬಿಟ್ಟರೆ ಮತ್ತೆ ಎರಡು ಫೈಲ್‌ಗಳ ಗೋಳು.

ಯಾರಿಗೆ ಎಷ್ಟು ಅಧಿಕಾರ?

ಮೇಲೆ ಬಲಗಡೆಯ ‘ಶೇರ್’ ಒತ್ತಿ, ಸಹೋದ್ಯೋಗಿಗಳ ಜಿಮೇಲ್ ವಿಳಾಸ ಸೇರಿಸಿ. ಪಕ್ಕದಲ್ಲಿ ಮೂರು ಆಯ್ಕೆಗಳಿವೆ: ‘ವ್ಯೂವರ್’ ಓದಬಹುದು, ‘ಕಾಮೆಂಟರ್’ ಟಿಪ್ಪಣಿ ಹಾಕಬಹುದು, ‘ಎಡಿಟರ್’ ತಿದ್ದಬಹುದು. ಬರೆಯುವ ಮೂವರು ಎಡಿಟರ್ ಆಗಲಿ, ಪರಿಶೀಲಿಸುವವರು ಕಾಮೆಂಟರ್ ಆದರೆ ಸಾಕು. ಕೆಳಗಿನ ‘ಜನರಲ್ ಆ್ಯಕ್ಸೆಸ್’ ‘ರೆಸ್ಟ್ರಿಕ್ಟೆಡ್’ ಆಗಿಯೇ ಇರಲಿ. ಅದನ್ನು ‘ಎನಿಒನ್ ವಿತ್ ದ ಲಿಂಕ್’ ಮಾಡಿ ಪಕ್ಕದಲ್ಲಿ ಎಡಿಟರ್ ಕೊಟ್ಟರೆ, ಲಿಂಕ್ ಯಾವ ಗುಂಪಿಗೆ ದಾಟಿದರೂ ಅಲ್ಲಿರುವವರೆಲ್ಲ ತಿದ್ದಬಹುದು. ಪರೀಕ್ಷೆಗೆ ಬರಲಿರುವ ಪ್ರಶ್ನೆಪತ್ರಿಕೆ, ಮಕ್ಕಳ ಆಧಾರ್ ಸಂಖ್ಯೆ, ಪೋಷಕರ ಮೊಬೈಲ್ ನಂಬರ್ ಇರುವ ಪಟ್ಟಿಗಳಿಗೆ ಈ ಆಯ್ಕೆ ಯಾವ ಕಾರಣಕ್ಕೂ ಬೇಡ.

ಅದೇ ಕಿಟಕಿಯ ಚಕ್ರದ ಗುರುತು ಒತ್ತಿ, ಎಡಿಟರ್‌ಗಳು ಬೇರೆಯವರಿಗೆ ಹಂಚಬಹುದು ಎಂಬ ಆಯ್ಕೆಯ ಟಿಕ್ ತೆಗೆಯಿರಿ.

“ಸರ್, ಓಪನ್ ಆಗ್ತಾ ಇಲ್ಲ, ಪರ್ಮಿಷನ್ ಕೇಳ್ತಾ ಇದೆ” ಎಂಬ ಫೋನ್ ಬಂದೇ ಬರುತ್ತದೆ. ಸಾಮಾನ್ಯವಾಗಿ ಕಾರಣ ಒಂದೇ: ಅವರ ಫೋನಿನಲ್ಲಿ ಎರಡು ಜಿಮೇಲ್ ಖಾತೆಗಳಿದ್ದು, ನೀವು ಸೇರಿಸಿದ್ದು ಒಂದನ್ನು, ಲಿಂಕ್ ತೆರೆದುಕೊಂಡದ್ದು ಇನ್ನೊಂದರಲ್ಲಿ. ಮೇಲ್ಮೂಲೆಯ ಚಿತ್ರ ಒತ್ತಿ ಖಾತೆ ಬದಲಿಸಲು ಹೇಳಿ.

ಮಳೆಗಾಲಕ್ಕೆ ಮುಂಚೆ

ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ನೆಟ್ ಇರುವಾಗಲೇ ಫೋನಿನ ಡಾಕ್ಸ್ ಆ್ಯಪ್‌ನಲ್ಲಿ ಫೈಲ್ ಪಕ್ಕದ ಮೂರು ಚುಕ್ಕೆ ಒತ್ತಿ ‘ಮೇಕ್ ಅವೈಲಬಲ್ ಆಫ್‌ಲೈನ್’ ಮಾಡಿಡಿ. ನೆಟ್ ಇಲ್ಲದಾಗ ಬರೆದದ್ದು ಫೋನಿನಲ್ಲಿದ್ದು, ಸಿಗ್ನಲ್ ಬಂದಾಗ ಸೇರಿಕೊಳ್ಳುತ್ತದೆ. ಇಲ್ಲೊಂದು ಅಪಾಯವಿದೆ. ಇಬ್ಬರು ನೆಟ್ ಇಲ್ಲದೆ ಒಂದೇ ಪ್ರಶ್ನೆಯನ್ನು ತಿದ್ದಿದ್ದರೆ, ಇಬ್ಬರ ಮಾತೂ ಒಂದೇ ಸಾಲಿನಲ್ಲಿ ಕಲೆತು ಅರ್ಥವಿಲ್ಲದಂತಾಗಬಹುದು. ಹಾಗಾಗಿ ಅಧ್ಯಾಯ ಹಂಚಿಕೊಳ್ಳುವುದು ಒಳ್ಳೆಯದು: ಭಾಗಮಂಡಲದವರಿಗೆ ‘ಜೀವಕ್ರಿಯೆಗಳು’, ನಾಪೋಕ್ಲಿನವರಿಗೆ ‘ವಿದ್ಯುಚ್ಛಕ್ತಿ’, ಹೀಗೆ. ಅಧ್ಯಾಯದ ಶೀರ್ಷಿಕೆಯ ಕೆಳಗೆ ಬರೆಯುವವರ ಹೆಸರಿರಲಿ.

ಇನ್ನೊಬ್ಬರ ಅಧ್ಯಾಯದಲ್ಲಿ ತಪ್ಪು ಕಂಡರೆ ನೇರ ಅಳಿಸಬೇಡಿ. ಕಂಪ್ಯೂಟರಿನಲ್ಲಿ ಮೇಲಿನ ಪೆನ್ಸಿಲ್ ಗುರುತು ಒತ್ತಿ ‘ಸಜೆಸ್ಟಿಂಗ್’ ಆರಿಸಿದರೆ ನಿಮ್ಮ ತಿದ್ದುಪಡಿ ಬೇರೆ ಬಣ್ಣದಲ್ಲಿ ನಿಲ್ಲುತ್ತದೆ, ಬರೆದವರು ಒಪ್ಪಬಹುದು ಅಥವಾ ಬಿಡಬಹುದು. “ಮೇಡಂ, 7ನೇ ಪ್ರಶ್ನೆಯಲ್ಲಿ ರೋಧದ ಏಕಮಾನ ಬಿಟ್ಟುಹೋಗಿದೆ” ಎಂಬ ಮಾತು ಗುಂಪಿನಲ್ಲಿ ಅಲ್ಲ, ಆ ಪ್ರಶ್ನೆಯ ಪಕ್ಕದಲ್ಲೇ ಕಾಮೆಂಟ್ ಆಗಿ ಇರಬೇಕು. ಅಲ್ಲಿದ್ದರೆ ಮರೆಯುವುದಿಲ್ಲ.

ಅಳಿಸಿಹೋದರೆ

ಯಾರೋ ಒಂದು ಪುಟವನ್ನೇ ಅಳಿಸಿದರೂ ಎಲ್ಲವೂ ಹೋಗಿರುವುದಿಲ್ಲ. ಕಂಪ್ಯೂಟರಿನಲ್ಲಿ ‘ಫೈಲ್’, ‘ವರ್ಷನ್ ಹಿಸ್ಟರಿ’, ‘ಸೀ ವರ್ಷನ್ ಹಿಸ್ಟರಿ’ ಎಂದು ಹೋಗಿ. ಬಲಗಡೆ ದಿನಾಂಕ, ಸಮಯ, ತಿದ್ದಿದವರ ಹೆಸರು ಕಾಣುತ್ತವೆ. ಪೂರ್ತಿ ‘ರಿಸ್ಟೋರ್’ ಮಾಡಿದರೆ ಆಮೇಲೆ ಉಳಿದವರು ಬರೆದದ್ದೂ ಹಿಂದೆ ಸರಿಯುತ್ತದೆ. ಅದಕ್ಕಿಂತ ಹಳೆಯ ಆವೃತ್ತಿಯಿಂದ ಆ ಪುಟ ಮಾತ್ರ ನಕಲಿಸಿ ಈಗಿನದಕ್ಕೆ ಅಂಟಿಸುವುದು ಕ್ಷೇಮ.

ವರ್ಗಾವಣೆಯ ವೇಳೆ ಮರೆಯಬಾರದ್ದು ಒಂದಿದೆ. ಫೈಲ್ ಮೊದಲು ಮಾಡಿದವರೇ ಅದರ ಮಾಲೀಕರು. ಅವರು ಡ್ರೈವ್ ಖಾಲಿ ಮಾಡುವಾಗ ಅದನ್ನು ಅಳಿಸಿದರೆ, ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಎಲ್ಲರಿಗೂ ಇಲ್ಲವಾಗುತ್ತದೆ. ಅವರು ಬೇರೆ ಶಾಲೆಗೆ ಹೋಗುವ ಮೊದಲೇ ಕಂಪ್ಯೂಟರಿನಲ್ಲಿ ‘ಶೇರ್’ ತೆರೆದು, ಉಳಿಯುವವರೊಬ್ಬರ ಹೆಸರಿನ ಪಕ್ಕ ‘ಟ್ರಾನ್ಸ್‌ಫರ್ ಓನರ್‌ಶಿಪ್’ ಆರಿಸಲಿ. ಆ ಹೊಸಬರು ತಮಗೆ ಬರುವ ಇಮೇಲ್ ತೆರೆದು ಒಪ್ಪಿಕೊಂಡ ಮೇಲಷ್ಟೇ ಫೈಲ್ ಅವರದಾಗುತ್ತದೆ.