ಜೊತೆಗೆ ಒಯ್ಯಲು ಸಣ್ಣ ರಿವಾಲ್ವರ್: ಆರಿಸುವುದು ಹೇಗೆ?

ಆಯುಧ ಇಟ್ಟುಕೊಳ್ಳಲು ಲೈಸೆನ್ಸ್ ಇದ್ದ ಮಾತ್ರಕ್ಕೆ ಅದನ್ನು ಹೊರಗೆ ಒಯ್ಯಬಹುದು ಎಂದೇನಿಲ್ಲ. ಎಷ್ಟೋ ಕಡೆ ಅದಕ್ಕೆ ಬೇರೆಯೇ ಅನುಮತಿ ಬೇಕು. ಮೊದಲು ಅದನ್ನು ಖಚಿತ ಮಾಡಿಕೊಳ್ಳಿ.

ಅಂಗಡಿಯಲ್ಲಿ ಹೊಸಬರ ಕೈ ಹೋಗುವುದು ಎಲ್ಲಕ್ಕಿಂತ ಹಗುರವಾದ ರಿವಾಲ್ವರ್ ಕಡೆಗೆ. ಅಲ್ಲೇ ಸ್ವಲ್ಪ ತಡೆಯಿರಿ. ಸ್ಮಿತ್ ಅಂಡ್ ವೆಸನ್ 1950ರಲ್ಲಿ ತಂದ ಚೀಫ್ಸ್ ಸ್ಪೆಷಲ್ ಐದು ಗುಂಡಿನದು, ಉಕ್ಕಿನದು. ಅದರ ತೂಕ ಸುಮಾರು 550 ಗ್ರಾಂ. ಅದೇ ಕಂಪನಿಯ ಅಲ್ಯೂಮಿನಿಯಂ ಚೌಕಟ್ಟಿನ 642 ಮಾದರಿ 400 ಗ್ರಾಂ ಚಿಲ್ಲರೆ. 2009ರಲ್ಲಿ ಬಂದ ರೂಗರ್ ಎಲ್‌ಸಿಆರ್ ಇನ್ನೂ ಹಗುರ. ಗುಂಡು ಒಂದೇ ಆದರೂ ರಿವಾಲ್ವರ್ ಹಗುರವಾದಷ್ಟೂ ಜಾಸ್ತಿ ಒದೆಯುತ್ತದೆ. ಕೈ ನೋಯುವ ಆಯುಧದಲ್ಲಿ ಯಾರೂ ಅಭ್ಯಾಸ ಮಾಡುವುದಿಲ್ಲ. ಅಭ್ಯಾಸವಿಲ್ಲದ ಕೈಯಲ್ಲಿ ಅದು ಸುತ್ತಲಿನವರಿಗೂ ಅಪಾಯ. ಹಾಗಾಗಿ ಸೊಂಟದ ಬೆಲ್ಟಿಗೆ ಹಾಕುವವರು ಉಕ್ಕಿನದನ್ನೇ ತೆಗೆದುಕೊಳ್ಳಿ. ಜೇಬಿನಲ್ಲೇ ಇಡಬೇಕು ಎನ್ನುವವರಿಗೆ ಅಲ್ಯೂಮಿನಿಯಂ ಸಾಕು. ಅದಕ್ಕಿಂತ ಹಗುರಕ್ಕೆ ಆಸೆಪಡಬೇಡಿ.

ಇನ್ನು ಗುಂಡಿನ ಅಳತೆ. ಹೆಚ್ಚಿನವರಿಗೆ .38 ಸ್ಪೆಷಲ್ ಸರಿ. 1935ರಲ್ಲಿ ಬಂದ .357 ಮ್ಯಾಗ್ನಮ್‌ನ ತೋಟಾ (ಮದ್ದು ತುಂಬಿ, ತುದಿಗೆ ಗುಂಡು ಕೂರಿಸಿದ ಕೊಳವೆ) ಅದಕ್ಕಿಂತ ಉದ್ದ. ಆದ್ದರಿಂದ .357 ರಿವಾಲ್ವರ್‌ನಲ್ಲಿ .38 ಹಾರಿಸಬಹುದು, .38ರಲ್ಲಿ .357 ಕೂರುವುದಿಲ್ಲ. ಎರಡೂ ಬಳಸಬಹುದಲ್ವಾ ಎಂದು .357 ಕೊಳ್ಳುವವರಿದ್ದಾರೆ. ಆದರೆ ಐದು ಸೆಂಟಿಮೀಟರ್‌ನಷ್ಟು ಗಿಡ್ಡ ಬ್ಯಾರೆಲ್‌ನಲ್ಲಿ ಮ್ಯಾಗ್ನಮ್ ಹಾರಿಸಿದರೆ ಬೆಂಕಿ, ಸದ್ದು, ಒದೆತವೇ ಜಾಸ್ತಿ. ತುಂಬಾ ಹಗುರವಾದ ರಿವಾಲ್ವರ್‌ಗಳಲ್ಲಿ ಇನ್ನೊಂದು ತೊಂದರೆಯಿದೆ. ಒದೆತದ ರಭಸಕ್ಕೆ ಉಳಿದ ತೋಟಾಗಳ ತಲೆ ಮುಂದೆ ಜರುಗಿ, ಸಿಲಿಂಡರ್, ಅಂದರೆ ತೋಟಾ ತುಂಬುವ ತಿರುಗುವ ಉರುಳೆ, ತಿರುಗದೆ ಸಿಕ್ಕಿಕೊಳ್ಳಬಹುದು. ಕೈಯಲ್ಲಿ ಬಲ ಕಡಿಮೆ ಇರುವವರು .32 ಅಳತೆಯವನ್ನೂ ನೋಡಿ. ಅಷ್ಟೇ ಗಾತ್ರದ ಸಿಲಿಂಡರ್‌ನಲ್ಲಿ ಆರು ಗುಂಡು ಹಿಡಿಯುತ್ತವೆ, ಒದೆತವೂ ಕಡಿಮೆ.

ಹ್ಯಾಮರ್, ಅಂದರೆ ಟ್ರಿಗರ್ ಎಳೆದಾಗ ಬಡಿದು ಗುಂಡು ಹಾರಿಸುವ ಹಿಂದಿನ ಭಾಗ, ಹೊರಗೆ ಚಾಚಿಕೊಂಡಿದ್ದರೆ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. 642ರಂತೆ ಒಳಗೇ ಅಡಗಿರುವುದು ಜೇಬಿಗೆ ಒಳ್ಳೆಯದು.

ಆಮೇಲೆ ಟ್ರಿಗರ್. ನನ್ನ ಮಟ್ಟಿಗೆ ತೀರ್ಮಾನ ಆಗಬೇಕಾದದ್ದು ಇಲ್ಲೇ. ಸಣ್ಣ ರಿವಾಲ್ವರ್‌ನ ಟ್ರಿಗರ್ ಎಳೆಯಲು ಸಾಮಾನ್ಯವಾಗಿ 4.5ರಿಂದ 5.5 ಕಿಲೋ ಬಲ ಬೇಕು. ಅಂಗಡಿಯವರ ಒಪ್ಪಿಗೆ ಪಡೆಯಿರಿ. ಸಿಲಿಂಡರ್ ತೆರೆದು ಪ್ರತಿ ಗೂಡೂ ಖಾಲಿಯೇ ಎಂದು ಕಣ್ಣಾರೆ ನೋಡಿ. ಸುರಕ್ಷಿತ ದಿಕ್ಕಿಗೆ ಹಿಡಿದು ನಿಧಾನವಾಗಿ ಹತ್ತು ಬಾರಿ ಎಳೆಯಿರಿ. ಕೊನೆಯ ಎಳೆತದಲ್ಲೂ ಮುಂದಿನ ಗುರಿಮೊನೆ ಅಲುಗದೆ ನಿಂತಿದೆಯಾ? ನಿಲ್ಲದಿದ್ದರೆ ಬೇರೆ ಮಾದರಿ ನೋಡಿ. ಅಂಗಡಿಯವರು ಎಷ್ಟೇ ಹೊಗಳಲಿ, ಬೇಡ. ಹಿಡಿಕೆಯನ್ನೂ ಆಗಲೇ ಗಮನಿಸಿ. ಗಿಡ್ಡ ಹಿಡಿಕೆಯಲ್ಲಿ ಕಿರುಬೆರಳಿಗೆ ಜಾಗ ಸಿಗುವುದಿಲ್ಲ. ಹೆಚ್ಚಿನ ಮಾದರಿಗಳಿಗೆ ಸ್ವಲ್ಪ ಉದ್ದನೆಯ ರಬ್ಬರ್ ಹಿಡಿಕೆ ಹಾಕಿಸಬಹುದು.

ಹಳೆಯದನ್ನು ಕೊಳ್ಳುವುದಾದರೆ ಖಾಲಿ ರಿವಾಲ್ವರ್‌ನ ಟ್ರಿಗರ್ ಪೂರ್ತಿ ಎಳೆದು ಹಾಗೇ ಹಿಡಿದು, ಸಿಲಿಂಡರ್ ಅಲ್ಲಾಡಿಸಿ. ತುಂಬಾ ಆಡಿದರೆ ಬಿಟ್ಟುಬಿಡಿ. ಬ್ಯಾರೆಲ್ ಒಳಗೆ ತುಕ್ಕಿನ ಗುಳಿಗಳಿದ್ದರೂ ಅಷ್ಟೇ.

ಸಾಧ್ಯವಿದ್ದರೆ ದುಡ್ಡು ಕೊಡುವ ಮುಂಚೆ ಶೂಟಿಂಗ್ ರೇಂಜ್‌ನಲ್ಲಿ ತರಬೇತುದಾರರ ಎದುರು ಅದೇ ಮಾದರಿಯನ್ನು ಹಾರಿಸಿ ನೋಡಿ. ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದಿಯ ಪಕ್ಕ ಬೆರಳು ಇಡಲೇಬೇಡಿ. ಅಲ್ಲಿಂದ ಹೊಮ್ಮುವ ಬಿಸಿ ಅನಿಲ ಚರ್ಮವನ್ನೇ ಸೀಳುತ್ತದೆ.

ಎಲ್ಲ ಹಣವನ್ನೂ ರಿವಾಲ್ವರ್‌ಗೇ ಸುರಿಯಬೇಡಿ. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್ (ರಿವಾಲ್ವರ್ ಇಡುವ ಒರೆ), ಅಭ್ಯಾಸಕ್ಕೆ ಗುಂಡು, ಮನೆಯಲ್ಲಿ ಬೀಗ ಹಾಕಿಡಲು ಪೆಟ್ಟಿಗೆ, ಮೂರಕ್ಕೂ ತೆಗೆದಿಡಿ. ರಿವಾಲ್ವರ್ ಇಟ್ಟ ಜೇಬಿನಲ್ಲಿ ಕೀಲಿಕೈ, ನಾಣ್ಯ ಏನೂ ಇರಬಾರದು. ಮನೆಗೆ ಬಂದ ಕೂಡಲೇ ಅದು ಪೆಟ್ಟಿಗೆ ಸೇರಲಿ, ಮಕ್ಕಳಿದ್ದರಂತೂ ಒಂದು ನಿಮಿಷವೂ ಮೇಜಿನ ಮೇಲೆ ಬೇಡ.