ಮೊದ್ಲು ಬಾಗಿಲು, ಆಮೇಲೆ ಬೀರು

ಮನೆ ತುಂಬಾ ಸಾಮಾನು, ಎಲ್ಲೂ ಜಾಗ ಇಲ್ಲ, ದಿನ ಹೆಂಗೆ ಕಳೀತು ಅಂತಾನೇ ಗೊತ್ತಾಗಲ್ಲ ಆಂಟಿ, ಅಂತ ನಮ್ಮ ಬೀದಿ ಹೆಣ್ಮಕ್ಕಳು ಹೇಳ್ತಾನೇ ಇರ್ತಾರೆ. ಹಾಗಂದವ್ರು ಮೊದ್ಲು ಮಾಡೋ ಕೆಲ್ಸ ಅಂದ್ರೆ ಯಾವ್ದೋ ಒಂದು ಭಾನುವಾರ ಬೀರು ಖಾಲಿ ಮಾಡಿ ಎಲ್ಲಾನೂ ಮಂಚದ ಮೇಲೆ ರಾಶಿ ಹಾಕ್ಕೊಂಡು ಕೂರೋದು, ಸಾಯಂಕಾಲದ ಹೊತ್ತಿಗೆ ಸೊಂಟ ನೋವು ಬಂದು ಮುಕ್ಕಾಲು ಪಾಲು ವಾಪಸ್ ಒಳಗೇ ತುರುಕೋದು, ಮುಂದಿನ ಹಬ್ಬದ ಹೊತ್ತಿಗೆ ಬೀರು ಮತ್ತೆ ಮೊದಲಿನ ಹಾಗೇ ಆಗಿರತ್ತೆ. ಇಷ್ಟು ವರ್ಷ ಸಂಸಾರ ಮಾಡಿ ನಾನು ಹೇಳೋದು ಒಂದೇ ಮಾತು, ತೆಗೆಯೋದು ಎರಡನೇ ಕೆಲ್ಸ, ಬರೋದನ್ನ ನಿಲ್ಸೋದು ಮೊದಲ್ನೇ ಕೆಲ್ಸ. ನಲ್ಲಿ ತಿರುಗಿಸ್ದೇ ನೆಲ ಒರೆಸ್ತಾ ಕೂತ್ರೆ ಮುಗಿಯುತ್ತಾ? ಸಾಮಾನಿಗೂ ಅಷ್ಟೇ, ಟೈಮಿಗೂ ಅಷ್ಟೇ.

ಮುಂಚೆ ಮನೆಗೆ ಸಾಮಾನು ಬರ್ತಿದ್ದಿದ್ದು ಒಂದೇ ದಾರೀಲಿ. ತಿಂಗಳ ಮೊದಲ ವಾರ ಚೀಟಿ ಬರೆದು ದಿನಸಿ ಅಂಗಡಿಗೆ ಕೊಡೋದು, ಅವ್ನು ಕಟ್ಟಿ ಕೊಟ್ಟಿದ್ದು ಸೈಕಲ್ ಮೇಲೆ ಬರೋದು, ಮಧ್ಯದಲ್ಲಿ ಏನಾದ್ರೂ ಮುಗಿದ್ರೆ ಪಕ್ಕದ ಮನೇಲಿ ಒಂದು ಲೋಟ ಇಸ್ಕೊಳ್ಳೋದು. ಈಗ ಕೈಯಲ್ಲಿರೋ ಫೋನೇ ಬಾಗಿಲು, ಅದೂ ರಾತ್ರಿ ಹನ್ನೊಂದಕ್ಕೂ ತೆಗೆದೇ ಇರೋ ಬಾಗಿಲು. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಅಂತ ಆ ಹತ್ತು ನಿಮಿಷದ ಆ್ಯಪ್ ತೆಗೀತೀರ, ಇಷ್ಟು ರೂಪಾಯಿ ಆದ್ರೆ ಡೆಲಿವರಿ ಫ್ರೀ ಅನ್ನತ್ತೆ, ಸರಿ ಅಂತ ಒಂದು ಬಿಸ್ಕೆಟ್ಟು, ಒಂದು ಸಾಸು, ಇರ್ಲಿ ಅಂತ ಒಂದು ಪಾತ್ರೆ ಉಜ್ಜೋ ಬ್ರಷ್ಷು ಸೇರತ್ತೆ. ಕೊತ್ತಂಬರಿ ಸೊಪ್ಪು ಎರಡು ದಿನಕ್ಕೆ ಮುಗಿಯತ್ತೆ, ಸಾಸಿನ ಬಾಟ್ಲಿ ಮಾತ್ರ ಫ್ರಿಜ್ ಬಾಗಿಲಲ್ಲಿ ವರ್ಷಗಟ್ಟಲೆ ನಿಂತಿರತ್ತೆ. ಆ್ಯಪೇ ಬೇಡ ಅನ್ನಲ್ಲ ನಾನು, ವಯಸ್ಸಾದವ್ರಿಗೆ, ಕಾಲು ನೋವಿರೋರಿಗೆ, ಪುಟ್ಟ ಮಗು ಇರೋ ತಾಯಿಗೆ ಅದು ದೇವರು ಬಂದ ಹಾಗೆ. ಅದರ ನೋಟಿಫಿಕೇಶನ್ ಆಫ್ ಮಾಡಿ, ಫೋನಿನ ಮುಂದಿನ ಪರದೆಯಿಂದ ತೆಗೆದು ಒಳಗೆ ಎಲ್ಲಾದ್ರೂ ಹಾಕಿ, ಕಾರ್ಡ್ ನಂಬರ್ ಸೇವ್ ಮಾಡಿದ್ರೆ ಅದನ್ನೂ ತೆಗೀರಿ. ಪ್ರತಿ ಸಲ ಹುಡುಕಿ ನಂಬರ್ ಹೊಡೀಬೇಕು ಅಂದ್ರೆ ಅರ್ಧ ಆಸೆ ಅಲ್ಲೇ ಇಳ್ದು ಹೋಗತ್ತೆ.

ಇನ್ನೊಂದು ಉಪಾಯ ಇದೆ, ಇದಕ್ಕೆ ಕಾಸೂ ಖರ್ಚಿಲ್ಲ. ನಮ್ಮನೆ ಅಡುಗೆಮನೆ ಗೋಡೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇರತ್ತೆ, ಹಾಲು ಬರದ ದಿನ, ಗ್ಯಾಸ್ ಹಚ್ಚಿದ ದಿನ, ಕೆಲಸದವಳ ರಜೆ ಎಲ್ಲಾ ಅದರಲ್ಲೇ ಗುರುತು ಹಾಕೋದು. ಏನಾದ್ರೂ ತಗೋಬೇಕು ಅನ್ಸಿದ್ರೆ ಅವತ್ತಿನ ತಾರೀಖಿನ ಚೌಕದಲ್ಲಿ ಅದನ್ನೂ ಬರೀರಿ, ಬೆಲೆ ಸಮೇತ ಬರೀರಿ. ಏರ್ ಫ್ರೈಯರ್ 4500, ಪರದೆ 1800, ಹಿಂಗೆ. ತಿಂಗಳು ಮುಗಿದು ಹಾಳೆ ಮಗುಚೋವಾಗ ಎಲ್ಲಾ ಒಂದ್ಸಲ ಓದಿ ಕೂಡಿ ನೋಡಿ. ಆಗ್ಲೂ ಬೇಕು ಅನ್ಸಿದ್ದನ್ನ ಖುಷಿಯಾಗಿ ತಗೊಳ್ಳಿ, ಅದು ನಿಜವಾಗ್ಲೂ ಬೇಕಾಗಿರೋದೇ. ಉಳಿದವು ಯಾಕೆ ಬರೆದ್ವಿ ಅಂತಾನೇ ನೆನಪಿರಲ್ಲ. ಕುಕ್ಕರ್ ಗ್ಯಾಸ್ಕೆಟ್ ಹೋಯ್ತು, ಬಚ್ಚಲಮನೆ ಬಲ್ಬು ಹೋಯ್ತು ಅಂದ್ರೆ ಇದನ್ನೆಲ್ಲಾ ಬರ್ಕೊಂಡು ಕೂರ್ಬೇಡಿ, ಅವತ್ತೇ ತನ್ನಿ, ಕೆಟ್ಟಿದ್ದನ್ನ ಸರಿ ಮಾಡ್ದೇ ಇಟ್ಕೊಂಡ್ರೆ ಅದೂ ದಿನಾ ಟೈಮ್ ತಿನ್ನತ್ತೆ.

ಆಷಾಢದ ಸೇಲ್ ವಿಷ್ಯ ಹೇಳ್ಲೇಬೇಕು. ಆಷಾಢದಲ್ಲಿ ಮದುವೆ ಮುಂಜಿ ಇರಲ್ಲ, ಅಂಗಡೀಲಿ ವ್ಯಾಪಾರ ಇರಲ್ಲ, ಅದಕ್ಕೆ ಡಿಸ್ಕೌಂಟ್ ಹಾಕ್ತಾರೆ. ಶ್ರಾವಣದಲ್ಲಿ ಮನೇಲಿ ಮದುವೆ ಇದೆ, ಹತ್ತು ಜನಕ್ಕೆ ಸೀರೆ ಕೊಡ್ಬೇಕು ಅಂದ್ರೆ ಆಷಾಢದಲ್ಲೇ ತಗೊಳ್ಳಿ, ಅದು ಜಾಣತನ. ಸುಮ್ನೆ ಆಫರ್ ಇದೆ ಅಂತ ಹೋಗ್ಬೇಡಿ. ಹೋಗೋ ಮುಂಚೆ ನಿಮ್ಮ ಬೀರು ತೆಗೆದು ಎಷ್ಟು ಸೀರೆಗೆ ಇನ್ನೂ ಬ್ಲೌಸ್ ಹೊಲಿಸಿಲ್ಲ, ಎಷ್ಟಕ್ಕೆ ಫಾಲ್ ಹಾಕ್ಸಿಲ್ಲ ನೋಡಿ. ಹೊಲಿಸ್ದೇ ಇರೋ ಬ್ಲೌಸು ಮನೇಲಿರೋವರ್ಗೂ ಹೊಸ ಸೀರೆ ಇಲ್ಲ, ಇದು ನಮ್ಮನೇಲಿ ಕಟ್ಟುನಿಟ್ಟು, ಸೊಸೆಗೂ ಅದೇ ನಂಗೂ ಅದೇ. ಟೈಲರ್ ಹತ್ರ ಓಡಾಡೋದು ನೆನಪಾದ್ರೆ ಎಷ್ಟೋ ಸೀರೆ ಅಂಗಡೀಲೇ ಉಳಿಯತ್ತೆ.

ದುಡ್ಡು ಕಣ್ಣಿಗೆ ಕಾಣ್ದೇ ಹೋಗೋ ದಾರಿ ಇನ್ನೊಂದಿದೆ, ಆಟೋಪೇ. ಯಾವ್ದೋ ಸಿನಿಮಾ ನೋಡೋಕೆ ಅಂತ ಮಕ್ಕಳು ಒಂದು ತಿಂಗಳಿಗೆ ಹಾಕ್ಸಿರ್ತಾರೆ, ಅದು ತಿಂಗಳು ತಿಂಗಳು ಕಟ್ ಆಗ್ತಾನೇ ಇರತ್ತೆ. ದುಡ್ಡು ಹೋಗೋ 24 ಗಂಟೆ ಮುಂಚೆ ಮೆಸೇಜ್ ಬರ್ಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಆದ್ರೆ 15,000 ರೂಪಾಯಿ ಒಳಗಿದ್ರೆ ಸಾಮಾನ್ಯವಾಗಿ ಓಟಿಪಿ ಕೇಳಲ್ಲ, ಬರೋ ನೂರು ಮೆಸೇಜಲ್ಲಿ ಆ ಒಂದು ಮೆಸೇಜ್ ಯಾರು ಓದ್ತಾರೆ ಹೇಳಿ. ನೀವು ದುಡ್ಡು ಕಳ್ಸೋ ಯುಪಿಐ ಆ್ಯಪಲ್ಲೇ ಆಟೋಪೇ ಅಥವಾ ಮ್ಯಾಂಡೇಟ್ ಅಂತ ಒಂದು ಜಾಗ ಇರತ್ತೆ, ಅದನ್ನ ತೆಗೆದ್ರೆ ಏನೇನು ನಡೀತಿದೆ ಎಲ್ಲಾ ಕಾಣತ್ತೆ, ಬೇಡದ್ದನ್ನ ಅಲ್ಲೇ ಕ್ಯಾನ್ಸಲ್ ಮಾಡ್ಬೋದು. ಕಾರ್ಡಿಂದ ಹೋಗೋದಾದ್ರೆ ಬ್ಯಾಂಕಿನ ಆ್ಯಪಲ್ಲಿ ನೋಡಿ. ಬರಲ್ಲ ಅಂದ್ರೆ ಮನೆ ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ನೋಡಿ, ಸಂಕೋಚ ಬೇಡ.

ಇನ್ನು ಬಾಗಿನ, ತಾಂಬೂಲ, ರಿಟರ್ನ್ ಗಿಫ್ಟು. ಇಲ್ಲಿ ನಂಗೆ ಸ್ವಲ್ಪ ಜಾಸ್ತಿನೇ ಹೇಳೋದಿದೆ, ಯಾಕಂದ್ರೆ ಇದನ್ನ ಬೇಡ ಅನ್ನೋಕಾಗಲ್ಲ ಅಂತ ಎಲ್ರೂ ಸುಮ್ನಾಗ್ತಾರೆ. ವರಮಹಾಲಕ್ಷ್ಮಿ ಹಬ್ಬ, ನವರಾತ್ರಿ, ಗೃಹಪ್ರವೇಶ, ಸೀಮಂತ ಎಲ್ಲಾ ಕಡೆಯಿಂದ್ಲೂ ಒಂದೊಂದು ಚೀಲ ಬರತ್ತೆ. ಪ್ರತಿ ಮನೇಲೂ ಬ್ಲೌಸ್ ಪೀಸ್ ಇಡೋಕೆ ಅಂತಾನೇ ಒಂದು ಬ್ಯಾಗ್ ಇರತ್ತೆ ನೋಡಿ, ತೆಗೆದು ನೋಡಿದ್ರೆ ಜಾರೋ ಬಟ್ಟೆ, ಬಣ್ಣ ಬಿಡೋ ಬಟ್ಟೆ, ಮಡಿಕೆ ಬಿಚ್ಚಿದ್ರೆ ತೋಳಿಗೂ ಸಾಲದ ಬಟ್ಟೆ, ಒಂದು ಮೂಲೇಲಿ ಯಾರೋ ಯಾವತ್ತೋ ಹಚ್ಚಿದ ಅರಿಶಿನ ಕುಂಕುಮದ ಗುರುತು ಇನ್ನೂ ಹಾಗೇ ಇರತ್ತೆ. ಅದು ನಮ್ಮನೆಯಿಂದ ಅವ್ರ ಮನೆಗೆ, ಅವ್ರ ಮನೆಯಿಂದ ಇನ್ನೊಬ್ರ ಮನೆಗೆ ಸುತ್ತಾನೇ ಇರತ್ತೆ, ಯಾರೂ ಹೊಲಿಸಲ್ಲ. ಮುತ್ತೈದೆಗೆ ಕೊಡೋದು ಗೌರವ ಅಂದ್ಮೇಲೆ ಉಪಯೋಗಕ್ಕೆ ಬರೋದನ್ನ ಕೊಡ್ಬೇಕಲ್ವಾ. ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಹೂವು, ಅರಿಶಿನ ಕುಂಕುಮ ಇಷ್ಟಿದ್ರೆ ತಾಂಬೂಲ ಪೂರ್ತಿ ಆಯ್ತು, ಶಾಸ್ತ್ರಕ್ಕೂ ಕೊರತೆ ಇಲ್ಲ. ಕಣ, ಅಂದ್ರೆ ಬ್ಲೌಸ್ ಪೀಸ್, ಕೊಡ್ಲೇಬೇಕು ಅಂದ್ರೆ ಒಂದು ಮೀಟರ್ ಒಳ್ಳೇ ಕಾಟನ್ ಕೊಡಿ. ಪ್ಲಾಸ್ಟಿಕ್ ಬುಟ್ಟಿ, ಪುಟ್ಟ ಪುಟ್ಟ ಸ್ಟೀಲ್ ಬಟ್ಟಲು, ಹೊಳೆಯೋ ಪರ್ಸು ಇವೆಲ್ಲಾ ನಿಲ್ಸಿ, ನೀವು ನಿಲ್ಸಿದ್ರೆ ಮುಂದಿನ ವರ್ಷ ನಿಮ್ಮನ್ನ ನೋಡಿ ಇನ್ನೊಬ್ರು ನಿಲ್ಸ್ತಾರೆ. ನಿಮ್ಮ ಮನೆ ಸಮಾರಂಭದ ಕಾರ್ಡಲ್ಲಿ ಆಶೀರ್ವಾದವೇ ಉಡುಗೊರೆ ಅಂತ ಅಚ್ಚು ಹಾಕ್ಸಿದ್ರೆ ಅದನ್ನ ನಡೆಸಿ ಕೂಡ, ಯಾರಾದ್ರೂ ಡಬ್ಬಿ ಹಿಡ್ಕೊಂಡು ಬಂದ್ರೆ ಕೈ ಮುಗಿದು ಪ್ರೀತಿಯಿಂದ ಬೇಡ ಅನ್ನಿ.

ಬಾಗಿಲಲ್ಲೇ ತಡೆಯೋದು ನಮಗೇನು ಹೊಸದಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ರಿಗೂ ಗೊತ್ತಲ್ಲ, 12ನೇ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ಕೊಂಡು ಬರೋನು, ಒಂದಿನ ದಿನಕ್ಕಿಂತ ಜಾಸ್ತಿ ತಂದ, ನಮಗೆ ಇಷ್ಟು ಬೇಡ ವಾಪಸ್ ಹಾಕಿ ಬನ್ನಿ ಅಂತ ಕಳ್ಸಿದ್ಲು ಆ ಹೆಣ್ಮಗಳು. ನಾಳೆಗೆ ಇರ್ಲಿ ಅಂತ ಡಬ್ಬಿಗೆ ಸುರೀಲಿಲ್ಲ. ನಮ್ಮ ಅಡುಗೆಮನೇಲಿ ಅಷ್ಟು ಕಠಿಣ ಆಗೋಕೆ ನಮ್ಮ ಕೈಲಾಗಲ್ಲ, ಆದ್ರೆ ಐದು ಕೆಜಿ ರವೆಗೆ ಒಂದು ಕೆಜಿ ಫ್ರೀ ಅಂದಾಗ ಅವಳನ್ನ ನೆನೆಸ್ಕೊಳ್ಳಿ. ಮಳೆಗಾಲದಲ್ಲಿ ಆ ರವೆಗೆ ಹುಳ ಬೀಳತ್ತೆ, ಜರಡಿ ಹಿಡಿಯೋದು, ಬಿಸಿಲಿಗೆ ಹಾಕೋದು, ಮೋಡ ಬಂತು ಅಂತ ಒಳಗೆ ತರೋದು, ಒಂದು ಮಧ್ಯಾಹ್ನ ಹೋಯ್ತು. ಇಬ್ರು ಮೂವರಿರೋ ಮನೆಗೆ ರವೆ, ಅವಲಕ್ಕಿ, ಶ್ಯಾವಿಗೆ ಎಲ್ಲಾ ಅರ್ಧ ಅರ್ಧ ಕೆಜಿ ಸಾಕು, ರವೆ ತಂದ ದಿನಾನೇ ಬಾಣಲೇಲಿ ಬೆಚ್ಚಗೆ ಹುರಿದು ಆರಿಸಿ ತುಂಬಿಡಿ. ತೊಗರಿಬೇಳೆ ಜಾಸ್ತಿ ತಂದ್ರೆ ಕೆಜಿಗೆ ಒಂದು ಚಮಚ ಹರಳೆಣ್ಣೆ ಕೈಯಲ್ಲೇ ಹಚ್ಚಿ ಇಡಿ, ಬೇಯಿಸೋ ಮುಂಚೆ ಬಿಸಿನೀರಲ್ಲಿ ತೊಳೀರಿ. ಹೊಸ ಪ್ಯಾಕೆಟ್ ಬಂದ್ರೆ ಹಳೇದು ಮುಂದೆ, ಹೊಸದು ಹಿಂದೆ.

ಪಾರ್ಸಲ್ ಡಬ್ಬ ಕೂಡಿಡೋರಿಗೆ ಒಂದು ಮಾತು. ಸಿಂಕಿನ ಕೆಳಗೆ ತೆಗೆದ್ರೆ ಬುಡು ಬುಡು ಅಂತ ಬೀಳತ್ತಲ್ಲ, ಡಬ್ಬ ಇದ್ರೆ ಮುಚ್ಚಳ ಇಲ್ಲ, ಮುಚ್ಚಳ ಇದ್ರೆ ಡಬ್ಬ ಇಲ್ಲ, ಸಾರಿನ ಹಳದಿ ಕಲೆ ಬೇರೆ. ಒಂದೊಂದಕ್ಕೂ ಮುಚ್ಚಳ ಹಾಕಿ ನೋಡಿ, ಸರಿಯಾಗಿ ಕೂರದೇ ಇದ್ರೆ ತೊಳೆದು ಒಣ ಕಸಕ್ಕೆ ಹಾಕಿ. ಉಳಿದಿದ್ದನ್ನ ಬಟನ್ನು, ಸೂಜಿ, ಒಗೆಯೋ ಕ್ಲಿಪ್ಪು ಹಾಕೋಕೆ ಇಟ್ಕೊಳ್ಳಿ, ಬಿಸಿ ಊಟ ಮತ್ತೆ ಅದಕ್ಕೆ ಸುರೀಬೇಡಿ. ಹತ್ರದ ಹೋಟೆಲಿಂದ ತರೋದಾದ್ರೆ ಅಟ್ಟದ ಮೇಲಿರೋ ಟಿಫಿನ್ ಕ್ಯಾರಿಯರ್ ಇಳ್ಸಿ, ಅದು ಇರೋದೇ ಅದಕ್ಕೆ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕವರ್ 2016ರಲ್ಲೇ ನಿಷೇಧ ಮಾಡಿದ್ರು, ಆದ್ರೂ ನಾವು ಬಟ್ಟೆ ಚೀಲ ಹಿಡ್ಕೊಂಡು ಹೋಗೋವರ್ಗೂ ಅದು ಬರ್ತಾನೇ ಇರತ್ತೆ.

ಕರೆಂಟಿನ ಬಗ್ಗೆ ಸ್ವಲ್ಪದರಲ್ಲಿ ಹೇಳಿ ಮುಗಿಸ್ತೀನಿ. ಗೃಹಜ್ಯೋತಿ ಇದೆ ಅಂತ ನಿರ್ಲಕ್ಷ್ಯ ಬೇಡ, 200 ಯೂನಿಟ್ ದಾಟಿದ್ರೆ ಆ ತಿಂಗಳ ಪೂರ್ತಿ ಬಿಲ್ ನಾವೇ ಕಟ್ಬೇಕು. ಎರಡು ಸಾವಿರ ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದ್ರೆ ಒಂದು ಯೂನಿಟ್ಟು. ಟಿವಿ ಸೆಟ್ ಟಾಪ್ ಬಾಕ್ಸು ರಿಮೋಟಲ್ಲಿ ಆಫ್ ಮಾಡಿದ್ರೂ ಕರೆಂಟ್ ಎಳೀತಾನೇ ಇರತ್ತೆ, ಹತ್ತೇ ವ್ಯಾಟ್ ಅಂದ್ಕೊಂಡ್ರೂ ತಿಂಗಳಿಗೆ 7 ಯೂನಿಟ್ ಆಯ್ತು. ಗೋಡೆ ಸ್ವಿಚ್ಚೇ ಆರಿಸಿ ಮಲಗಿ.

ಈಗ ಟೈಮು. ಸೀರಿಯಲ್ ನೋಡ್ಬೇಡಿ ಅಂತ ಹೇಳೋಳಲ್ಲ ನಾನು, ಅವರೆಕಾಳು ಸುಲೀತಾ ನೋಡಿದ್ರೆ ಕೆಲ್ಸವೂ ಆಗತ್ತೆ, ಅರ್ಧ ಗಂಟೆಗೆ ಅದು ಮುಗಿದೂ ಹೋಗತ್ತೆ. ರೀಲ್ಸ್ ಮುಗಿಯಲ್ಲ, ಅದೇ ಅದರ ತೊಂದರೆ. ಅದಕ್ಕೆ ಮನಸ್ಸು ಗಟ್ಟಿ ಮಾಡ್ಕೋಬೇಕು ಅಂತ ಎಲ್ರೂ ಬೋಧನೆ ಮಾಡ್ತಾರೆ, ನಾನು ಮಾಡಲ್ಲ, ಮನಸ್ಸು ದಿನಾ ಗಟ್ಟಿ ಇರಲ್ಲ. ಇಲ್ಲೂ ಬಾಗಿಲು ಹಾಕಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತಿದೆ, ಐಫೋನಲ್ಲಿ ಸ್ಕ್ರೀನ್ ಟೈಮ್, ಯಾವ ಆ್ಯಪಲ್ಲಿ ಎಷ್ಟು ಹೊತ್ತು ಕಳೆದ್ರಿ ಅಂತ ಅದು ತೋರ್ಸತ್ತೆ, ಅಲ್ಲೇ ಒಂದು ಆ್ಯಪಿಗೆ ದಿನಕ್ಕೆ ಇಷ್ಟೇ ನಿಮಿಷ ಅಂತ ಮಿತಿ ಹಾಕ್ಬೋದು, ಅಷ್ಟಾದ್ಮೇಲೆ ಅದು ತಾನೇ ನಿಲ್ಲತ್ತೆ. ವಾಟ್ಸಾಪಲ್ಲಿ ಗುಡ್ ಮಾರ್ನಿಂಗ್ ಗ್ರೂಪುಗಳನ್ನ ಬಿಡೋಕೆ ಮುಜುಗರ ಆದ್ರೆ ಮ್ಯೂಟ್ ಮಾಡಿ ಆರ್ಕೈವಿಗೆ ಹಾಕಿ, ಯಾರಿಗೂ ಗೊತ್ತಾಗಲ್ಲ. ಫೋಟೋ ವೀಡಿಯೋ ತಾನಾಗೇ ಡೌನ್‌ಲೋಡ್ ಆಗೋದನ್ನ ಆಫ್ ಮಾಡಿ, ಪ್ರೈವಸಿಯಲ್ಲಿ ಗ್ರೂಪ್ಸ್ ಅನ್ನೋ ಕಡೆ ನಿಮ್ಮ ಕಾಂಟ್ಯಾಕ್ಟಲ್ಲಿ ಇರೋರು ಮಾತ್ರ ಸೇರಿಸ್ಬೋದು ಅಂತ ಇಡಿ. ಲೋನ್ ಬೇಕಾ, ಸೈಟ್ ಬೇಕಾ ಅಂತ ಅಡುಗೆ ಹೊತ್ತಿಗೇ ಬರೋ ಫೋನ್ ನಿಲ್ಸೋಕೆ 1909 ನಂಬರಿಗೆ ಇಂಗ್ಲಿಷಲ್ಲಿ ಸ್ಟಾರ್ಟ್ ಅಂತ ಬರೆದು ಜಾಗ ಬಿಟ್ಟು ಸೊನ್ನೆ ಹಾಕಿ ಮೆಸೇಜ್ ಕಳ್ಸಿ. ಬ್ಯಾಂಕಿನ ಮೆಸೇಜು, ಓಟಿಪಿ ನಿಲ್ಲಲ್ಲ, ಹೆದರ್ಬೇಡಿ. ಪರ್ಸನಲ್ ನಂಬರಿಂದ ಮಾಡೋರು ಆಮೇಲೂ ಮಾಡ್ತಾರೆ, ಆದ್ರೂ ಎಷ್ಟೋ ಕಮ್ಮಿ ಆಗತ್ತೆ.

ಟೈಮ್ ತಿನ್ನೋದು ಫೋನೊಂದೇ ಅಲ್ಲ ಮತ್ತೆ. ಶೋಕೇಸಲ್ಲಿರೋ ಒಂದೊಂದು ಗೊಂಬೇನೂ ಧೂಳು ಒರೆಸಿಸ್ಕೊಳ್ಳತ್ತೆ, ಒಂದೊಂದು ಮಿಷಿನ್ನೂ ತೊಳೆಸ್ಕೊಳ್ಳತ್ತೆ. ಬೀಗದ ಕೈ, ಕನ್ನಡಕ, ಕತ್ತರಿ ಹುಡುಕೋದ್ರಲ್ಲಿ ಬೆಳಗಿನ ಹೊತ್ತು ಹೋಗೋ ಮನೇಲಿ ನೋಡಿ, ಅಲ್ಲಿ ಮೇಜಿನ ಮೇಲೆ ಏನೇನೋ ತುಂಬಿರತ್ತೆ.

ಇಷ್ಟೆಲ್ಲಾ ಬಾಗಿಲು ಹಾಕಿ ಎರಡು ಮೂರು ತಿಂಗಳು ಕಳೆದ್ಮೇಲೆ ಬೀರಿಗೆ ಕೈ ಹಾಕಿ, ಅದೂ ಒಂದು ದಿನಕ್ಕೆ ಒಂದೇ ಶೆಲ್ಫು. ಹಳೇ ಕಾಟನ್ ಸೀರೆ, ಪಂಚೆ ಬಿಸಾಡ್ಬೇಡಿ, ಒರೆಸೋಕೆ ಅದರಷ್ಟು ಒಳ್ಳೇದು ಯಾವ್ದೂ ಇಲ್ಲ. ಹಿತ್ತಾಳೆ ತಾಮ್ರ ಬೇಡ ಅಂದ್ರೆ ಪಾತ್ರೆ ಅಂಗಡೀಲಿ ತೂಕಕ್ಕೆ ತಗೋತಾರೆ, ಆದ್ರೆ ಅಜ್ಜಿ ಕಾಲದ ಹಂಡೆ, ಕೊಳದಪಲೆ ಇದ್ರೆ ಮನೆಯವ್ರನ್ನೆಲ್ಲಾ ಕೇಳಿ ಆಮೇಲೆ ಕೊಡಿ. ಕೆಟ್ಟ ಚಾರ್ಜರ್, ಬ್ಯಾಟರಿ, ಹಳೇ ಫೋನ್ ಹಸಿ ಕಸದ ಜೊತೆ ಯಾವ ಕಾರಣಕ್ಕೂ ಹಾಕ್ಬೇಡಿ, ಇ-ವೇಸ್ಟ್ ತಗೊಳ್ಳೋರಿಗೇ ಕೊಡಿ.

ರೇಷ್ಮೆ ಸೀರೆ ಕೊಡೋಕೆ ಮಾತ್ರ ಎಲ್ರಿಗೂ ಕೈ ಬರಲ್ಲ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ಟು ವರ್ಷಗಟ್ಟಲೆ ಮಡಿಕೆ ಬದಲಾಯಿಸ್ದೇ ಇದ್ರೆ ಜರಿ ಕಪ್ಪಾಗತ್ತೆ, ಮಡಿಕೆ ಗೆರೇಲೇ ಬಟ್ಟೆ ಸೀಳತ್ತೆ, ಆಮೇಲೆ ಯಾರಿಗೂ ಇಲ್ಲ. ಉಡೋದನ್ನ ಹಳೇ ಬಿಳೀ ಪಂಚೇಲಿ ಸುತ್ತಿ, ಮೂರ್ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ನೆರಳಲ್ಲಿ ಗಾಳಿಗೆ ಹಾಕಿ ಮಡಿಕೆ ಬದಲಾಯಿಸಿ ಇಡಿ. ಉಡದೇ ಇರೋದನ್ನ ಸೀರೆ ಇನ್ನೂ ಗಟ್ಟಿ ಇರೋವಾಗ್ಲೇ ಕೊಡಿ, ಅಕ್ಕನ ಮಗಳಿಗೋ, ಮನೆ ಕೆಲ್ಸಕ್ಕೆ ಬರೋ ಹೆಣ್ಮಗಳ ಮಗಳ ಮದುವೆಗೋ. ಕೊಡೋ ಮುಂಚೆ ಅವ್ರಿಗೆ ಇಷ್ಟ ಇದ್ಯಾ ಕೇಳಿ, ಕಲೆ ಇದ್ರೆ ತೆಗೆಸಿ, ಫಾಲ್ ಬಿಚ್ಚಿದ್ರೆ ಹೊಲಿಸಿ, ಬ್ಲೌಸಿಗೆ ಒಂದು ಮೀಟರ್ ಹೊಂದೋ ಬಟ್ಟೆ ಜೊತೇಲಿಟ್ಟು ಕೊಡಿ.