ಹನ್ನೆರಡನೇ ಕ್ಲಾಸಲ್ಲಿ ಒಂದು 'ಸಿ' ಬಂತು, ಈಗೇನು ಮಾಡೋದು?

ಅಕ್ಟೋಬರ್ ಕೊನೆಯ ವಾರ, ರಾತ್ರಿ ಹತ್ತು ಗಂಟೆ. ಮಗಳು ಲ್ಯಾಪ್‌ಟಾಪ್ ತಂದು ಮಾತಿಲ್ಲದೆ ನನ್ನ ಮುಂದೆ ಇಟ್ಟಳು. ಎಪಿ ಕ್ಯಾಲ್ಕುಲಸ್ (ಅಮೆರಿಕದ ಹೈಸ್ಕೂಲಲ್ಲೇ ಕಲಿಸುವ ಕಾಲೇಜು ಮಟ್ಟದ ಗಣಿತ), ಮೊದಲ ಕ್ವಾರ್ಟರ್ (ವರ್ಷದ ಮೊದಲ ಕಾಲುಭಾಗ), ಸಿ ಪ್ಲಸ್. ಅಲ್ಲಿಯವರೆಗೆ ಗಣಿತದಲ್ಲಿ ಎ ಬಿಟ್ಟು ಬೇರೆ ಅಕ್ಷರ ಕಂಡವಳಲ್ಲ. ನವೆಂಬರ್ 1ಕ್ಕೆ ಅರ್ಲಿ ಡಿಸಿಷನ್ ಅರ್ಜಿ (ಸೀಟು ಸಿಕ್ಕರೆ ಸೇರಲೇಬೇಕಾದ, ಮುಂಚಿನ ಸುತ್ತಿನ ಕಾಲೇಜು ಅರ್ಜಿ) ಹೋಗಬೇಕು. ಉಳಿದದ್ದು ಐದು ದಿನ.

ನಾನು "ಯಾಕೆ ಹೀಗಾಯ್ತು?" ಅಂತ ಶುರು ಮಾಡಿದೆ. ಅದೇ ತಪ್ಪು. ಕೇಳಬೇಕಾಗಿದ್ದದ್ದು "ಇದನ್ನು ಯಾರು, ಯಾವಾಗ ನೋಡುತ್ತಾರೆ?" ಅಂತ. ಅಮೆರಿಕದಲ್ಲಿ ಸೀನಿಯರ್ ವರ್ಷದ, ಅಂದರೆ ಹನ್ನೆರಡನೇ ಕ್ಲಾಸಿನ, ಗ್ರೇಡಿನ ಭಾರ ನಿಂತಿರುವುದೇ ಅದರ ಮೇಲೆ. ನೀವೂ ಮೊದಲು ಕ್ಯಾಲೆಂಡರ್ ತೆಗೆಯಿರಿ.

ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ತುಂಬುವ ಆನ್‌ಲೈನ್ ತಾಣ) ಅಂಕಪಟ್ಟಿ ಕಳಿಸುವುದು ಮಗುವಲ್ಲ, ಸ್ಕೂಲಿನ ಕೌನ್ಸೆಲರ್. ಅರ್ಜಿಯ ಜೊತೆ ಸ್ಕೂಲ್ ರಿಪೋರ್ಟ್ ಹೋಗುತ್ತದೆ. ಮೊದಲ ಸೆಮಿಸ್ಟರ್ ಮುಗಿದ ಮೇಲೆ ಮಿಡ್‌ಇಯರ್ ರಿಪೋರ್ಟ್. ಬೇಸಿಗೆಯಲ್ಲಿ ಫೈನಲ್ ರಿಪೋರ್ಟ್. ಅರ್ಲಿ ಅರ್ಜಿ ಹಾಕಿದವರಿಗೆ ಮೊದಲ ಕ್ವಾರ್ಟರಿನ ಗ್ರೇಡನ್ನೂ ಕೇಳುವ ಕಾಲೇಜುಗಳಿವೆ. ಜನವರಿಯ ರೆಗ್ಯುಲರ್ ಡಿಸಿಷನ್ (ಸಾಮಾನ್ಯ ಸುತ್ತು) ಆದರೆ ಸೆಮಿಸ್ಟರ್ ಗ್ರೇಡ್ ನಿರ್ಧಾರಕ್ಕೆ ಮೊದಲೇ ಅವರ ಕೈ ಸೇರುತ್ತದೆ. ಹಾಗಾಗಿ "ಸೀನಿಯರ್ ವರ್ಷ ಯಾರೂ ನೋಡಲ್ಲ ಬಿಡಿ" ಅನ್ನುವ ಮಾತನ್ನು ನಂಬಬೇಡಿ.

ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಬೇರೆಯದೇ ಲೆಕ್ಕ. ಅಲ್ಲಿ ಜಿಪಿಎ (ಗ್ರೇಡುಗಳ ಸರಾಸರಿ) ಎಣಿಸುವುದು ಒಂಬತ್ತನೇ ಕ್ಲಾಸ್ ಮುಗಿದ ಬೇಸಿಗೆಯಿಂದ ಹನ್ನೊಂದನೇ ಕ್ಲಾಸ್ ಮುಗಿದ ಬೇಸಿಗೆವರೆಗೆ. ಸೀನಿಯರ್ ವರ್ಷದ್ದು ಅದರಲ್ಲಿ ಸೇರುವುದಿಲ್ಲ. ಆದರೆ ಯಾವ ವಿಷಯ ತೆಗೆದುಕೊಂಡಿದ್ದೀರಿ ಅಂತ ನೋಡುತ್ತಾರೆ. ಸೀಟು ಸಿಕ್ಕಮೇಲೆ ಡಿ ಅಥವಾ ಎಫ್ ಬಂದರೆ, ವಿಷಯ ಬಿಟ್ಟರೆ, ನಾವೇ ಮುಂದಾಗಿ ತಿಳಿಸಬೇಕು.

ಇನ್ನು ಗ್ರೇಡಿನ ವಿಷಯ. ಕಷ್ಟದ ಎಪಿ ಕೋರ್ಸಿನಲ್ಲಿ ಒಂದು ಬಿ ಬಂದರೆ ಸುಮ್ನೆ ಇದ್ದುಬಿಡಿ. ಅದಕ್ಕೆ ವಿವರಣೆ ಬರೆದು ನೀವೇ ಬೆರಳು ಮಾಡಿ ತೋರಿಸಬೇಡಿ. ಒಂದು ಸಿ ಬಂದರೆ ಪೆಟ್ಟು ಇದೆ, ಅದರಲ್ಲೂ ಎಂಜಿನಿಯರಿಂಗ್ ಕೇಳುತ್ತಾ ಗಣಿತದಲ್ಲೇ ಸಿ ಬಂದರೆ. ಹತ್ತರಲ್ಲಿ ಒಬ್ಬರಿಗೂ ಸೀಟು ಕೊಡದ ಕಾಲೇಜಿನಲ್ಲಿ ಎಲ್ಲಾ ಎ ಇರುವವರೇ ಸಾಲುಗಟ್ಟಿ ನಿಂತಿರುತ್ತಾರೆ, ಅಲ್ವಾ? ಹಾಗಂತ ಬಾಗಿಲು ಹಾಕಿತು ಅಂತಲ್ಲ. ಮೂರು ವರ್ಷದ ದಾಖಲೆಯ ಪಕ್ಕದಲ್ಲಿಟ್ಟು ಅದನ್ನು ಓದುತ್ತಾರೆ. ನಾಲ್ಕೈದು ವಿಷಯದಲ್ಲಿ ಒಟ್ಟಿಗೆ ಜಾರಿದರೆ ಅದು ಬೇರೆ ಕಥೆ.

ಕೋರ್ಸನ್ನೇ ಬಿಟ್ಟುಬಿಡುವ ಯೋಚನೆ ನಮ್ಮ ಮನೆಯಲ್ಲೂ ಬಂತು. ತಡವಾಗಿ ಬಿಟ್ಟರೆ ಎಷ್ಟೋ ಸ್ಕೂಲುಗಳಲ್ಲಿ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಅಂಕಪಟ್ಟಿಯಲ್ಲಿ) ಡಬ್ಲ್ಯೂ, ಅಂದರೆ ನಡುವೆ ಬಿಟ್ಟದ್ದು ಅನ್ನುವ ಗುರುತು, ಕೂರುತ್ತದೆ. ಅರ್ಜಿಯಲ್ಲಿ ಬರೆದ ಕೋರ್ಸ್ ಬದಲಾಯಿತು ಅಂತ ಕಾಲೇಜಿಗೂ ಹೇಳಬೇಕು. ಬಿಡಲಿಲ್ಲ.

ಮರುದಿನ ಮಗಳೇ ಕೌನ್ಸೆಲರ್ ಹತ್ತಿರ ಹೋದಳು. ನಾನು ಹೋಗಲಿಲ್ಲ, ಅವಳು ನನ್ನನ್ನು ಹೋಗಲು ಬಿಡಲೂ ಇಲ್ಲ. "ಯಾವ ಗ್ರೇಡ್, ಯಾವ ದಿನ ಹೋಗುತ್ತದೆ? ನಿಮ್ಮ ಪತ್ರದಲ್ಲಿ ಒಂದು ಸಾಲು ಸೇರಿಸಬಹುದಾ?" ಇಷ್ಟೇ ಕೇಳಿ ಬಂದಳು. ನಾವು ಅರ್ಜಿ ಹಾಕುತ್ತಿದ್ದ ಕಾಲೇಜು ಕ್ವಾರ್ಟರ್ ಗ್ರೇಡ್ ಕೇಳಿತ್ತು. ಅಂದರೆ ಸಿ ಪ್ಲಸ್ ಹೋಗುವುದು ಖಚಿತ.

ಆಮೇಲೆ ಅರ್ಜಿಯ ಹೆಚ್ಚುವರಿ ಮಾಹಿತಿ ಭಾಗಕ್ಕೆ ಬರೆಯಲು ಕುಳಿತೆವು. ಇಡೀ ವ್ಯವಹಾರದಲ್ಲಿ ನಾವು ಜಾಸ್ತಿ ಹೊತ್ತು ಕಳೆದದ್ದು ಇದರ ಮೇಲೆ. ಅವಳ ಮೊದಲ ಪ್ರತಿ ಹದಿನೇಳು ಸಾಲು. ಟೀಚರ್ ಬಿಗಿ, ಕ್ಲಾಸಲ್ಲಿ ಅರ್ಧ ಜನಕ್ಕೆ ಇದೇ ಗತಿ, ತನಗೆ ಗಣಿತ ಎಂದರೆ ಪ್ರಾಣ. ಓದಿದರೆ ನನಗೇ ಕುಂಟುನೆಪದ ವಾಸನೆ ಬಡಿಯಿತು. ಒಂದೊಂದೇ ಹೊಡೆದು ಹಾಕಿದೆವು. ಕೊನೆಗೆ ಉಳಿದದ್ದು ಇಷ್ಟು:

"ಸೆಪ್ಟೆಂಬರ್‌ನಲ್ಲಿ ಜ್ವರದಿಂದ ಎಂಟು ದಿನ ಕ್ಲಾಸ್ ತಪ್ಪಿತು. ಮರಳಿದ ವಾರ ಬರೆದ ಲಿಮಿಟ್ಸ್ ಟೆಸ್ಟಿನಲ್ಲಿ 66 ಬಂತು. ನಂತರ ವಾರಕ್ಕೆ ಎರಡು ಬೆಳಿಗ್ಗೆ ಟೀಚರ್ ಹತ್ತಿರ ಹೋಗುತ್ತಿದ್ದೇನೆ. ಡೆರಿವೇಟಿವ್ಸ್ ಟೆಸ್ಟಿನಲ್ಲಿ 89 ಬಂದಿದೆ."

ಏನಾಯಿತು, ಏನು ಮಾಡಿದೆ, ಈಗ ಎಲ್ಲಿದ್ದೇನೆ. ಯಾರನ್ನೂ ದೂರಿಲ್ಲ, ಕ್ಷಮೆಯೂ ಕೇಳಿಲ್ಲ. ನಿಮ್ಮ ಮಗುವಿಗೆ ಹೇಳಿಕೊಳ್ಳುವಂಥ ಕಾರಣವೇ ಇಲ್ಲದಿದ್ದರೆ, ಬರೀ ಓದಲಿಲ್ಲ ಅಂತಾದರೆ, ಏನೂ ಬರೆಯಬೇಡಿ. ಮುಂದಿನ ಗ್ರೇಡ್ ಮಾತಾಡಲಿ.

ಡಿಸೆಂಬರ್ ಮಧ್ಯದಲ್ಲಿ ಉತ್ತರ ಬಂತು: ಡೆಫರ್ಡ್. ಹೌದೂ ಅಲ್ಲ, ಇಲ್ಲವೂ ಅಲ್ಲ. ರೆಗ್ಯುಲರ್ ಅರ್ಜಿಗಳ ಜೊತೆ ಮತ್ತೆ ನೋಡುತ್ತೇವೆ ಅಂತ ಅರ್ಥ. ಇಂಥ ಹೊತ್ತಿನಲ್ಲಿ ಮಿಡ್‌ಇಯರ್ ಗ್ರೇಡೇ ನಿಮ್ಮ ಕೈಯಲ್ಲಿರುವ ಹೊಸ ಸಂಗತಿ. ಅವಳಿಗೆ ಬಿ ಪ್ಲಸ್ ಬಂತು. ಅದನ್ನು ಹೇಳಿ, ಇನ್ನೂ ಆಸಕ್ತಿ ಇದೆ ಅಂತ ಒಂದು ಪುಟದ ಪತ್ರ ಕಳಿಸಿದಳು. ಮಾರ್ಚಿನಲ್ಲಿ ಅವರು ಇಲ್ಲ ಅಂದರು. ಅದೇ ಅಂಕಪಟ್ಟಿ ನೋಡಿದ ಇನ್ನೊಂದು ಕಾಲೇಜು, ಅದೂ ಸುಲಭಕ್ಕೆ ಸಿಗುವಂಥದ್ದಲ್ಲ, ಹೌದು ಅಂದಿತು. ಆ ಸಿ ಪ್ಲಸ್ಸಿನಿಂದಲೇ ಹೋಯಿತಾ ಅಂತ ನನ್ನನ್ನು ಕೇಳಬೇಡಿ. ಕಾಲೇಜುಗಳು ಕಾರಣ ಹೇಳುವುದಿಲ್ಲ.

ಸೀಟು ಸಿಕ್ಕಿತು ಅಂತ ಕಾಲು ಚಾಚುವ ಹಾಗಿಲ್ಲ. ಪ್ರವೇಶಪತ್ರದ ಕೆಳಗಿನ ಸಾಲು ಓದಿ: ವರ್ಷವನ್ನು ಇದೇ ಮಟ್ಟದಲ್ಲಿ ಮುಗಿಸಬೇಕು ಅಂತ ಇರುತ್ತದೆ. ಡಿ, ಎಫ್ ಅಥವಾ ಎಲ್ಲದರಲ್ಲೂ ಇಳಿಕೆ ಕಂಡರೆ ವಿವರಣೆ ಕೇಳಿ ಪತ್ರ ಬರಬಹುದು, ಸೀಟೇ ವಾಪಸ್ ಹೋಗಬಹುದು. ಮೇ 1ಕ್ಕೆ ಎಲ್ಲರೂ ಒಂದೊಂದು ಕಾಲೇಜಿಗೆ ದುಡ್ಡು ಕಟ್ಟಿ ಮುಗಿಸಿರುತ್ತಾರೆ. ಜುಲೈನಲ್ಲಿ ಸೀಟು ಹೋದರೆ ಬೇರೆ ಹುಡುಕುವುದು ಬಹಳ ಕಷ್ಟ.

ಫೈನಲ್ ಟ್ರಾನ್ಸ್‌ಕ್ರಿಪ್ಟ್ ಹೋಯಿತಾ ಅಂತ ಸ್ಕೂಲಿಗೆ ಬೇಸಿಗೆ ರಜೆ ಬೀಳುವ ಮೊದಲೇ ಕೇಳಿ. ನಮ್ಮದು ಹೋಗಿರಲಿಲ್ಲ. ಜೂನ್ ಕೊನೆಗೆ ಆಫೀಸಿನಲ್ಲಿ ಒಬ್ಬರೇ ಇದ್ದರು. ಅವರು ಅಲ್ಲೇ ಕಳಿಸಿದರು.